ಕೊಟ್ಟಿಗೆ ವಾಸದ ಮನೆಯಾಗಬೇಕಾದರೆ

ಎತ್ತುಗಳ ಬದಲಿಗೆ ಟ್ರಾಕ್ಟರು, ಟಿಲ್ಲರುಗಳು ಬಂದ ಮೇಲೆ ಅನೇಕ ಹೊಲ ತೋಟಗಳಲ್ಲಿ ದನದ ಕೊಟ್ಟಿಗೆಗಳು ಖಾಲಿ ಬಿದ್ದಿವೆ. ರೇಷ್ಮೆ ಬಿಟ್ಟವರ ಹುಳುಮನೆ, ಕೋಳಿ ಸಾಕಣೆ ನಿಲ್ಲಿಸಿದವರ ಶೆಡ್ಡು, ಗೊಬ್ಬರ ಮತ್ತು ಬೀಜ ತುಂಬಿಡುತ್ತಿದ್ದ ಉಗ್ರಾಣ ಇವುಗಳ ಸ್ಥಿತಿಯೂ ಇದೇ. ಇನ್ನೊಂದು ಕಡೆ, ಅಣ್ಣತಮ್ಮಂದಿರು ಪಾಲಾದಾಗ, ಮಗನ ಮದುವೆಯಾಗಿ ಸೊಸೆ ಬಂದಾಗ, ತೋಟದಲ್ಲಿಯೇ ಇದ್ದು ಬೆಳೆ ನೋಡಿಕೊಳ್ಳಬೇಕಾಗಿ ಬಂದಾಗ ಇನ್ನೊಂದು ವಾಸದ ಮನೆ ಬೇಕಾಗುತ್ತದೆ. "ನಾಲ್ಕು ಗೋಡೆ ಇವೆ, ಮೇಲೆ ಸೂರಿದೆ. ಸುಣ್ಣ ಬಳಿದು ಒಂದು ಬಾಗಿಲು ಹಾಕಿಸಿದರೆ ಆಯಿತು" ಎಂಬ ಯೋಚನೆ ಆಗ ಸಹಜವಾಗಿಯೇ ಬರುತ್ತದೆ.

ಯೋಚನೆ ಕೆಟ್ಟದ್ದಲ್ಲ. ಗಟ್ಟಿಯಾದ ಕೊಟ್ಟಿಗೆಯನ್ನು ಮನೆಯಾಗಿ ಮಾರ್ಪಡಿಸಿದರೆ ತಳಪಾಯ, ಗೋಡೆಗಳ ಖರ್ಚು ಬಹುಮಟ್ಟಿಗೆ ಉಳಿಯುತ್ತದೆ. ಆದರೆ ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಕೊಟ್ಟಿಗೆಯನ್ನು ಕಟ್ಟಿದ್ದು ದನಗಳಿಗಾಗಿ, ಉಗ್ರಾಣವನ್ನು ಕಟ್ಟಿದ್ದು ಸಾಮಾನಿಗಾಗಿ. ನೆಲ ಒದ್ದೆಯಾದರೆ, ಸೂರು ಕಾದರೆ, ಗಾಳಿ ಕಟ್ಟಿಕೊಂಡರೆ ಸಾಮಾನು ಸಹಿಸಿಕೊಳ್ಳುತ್ತದೆ. ಅದೇ ಜಾಗದಲ್ಲಿ ರಾತ್ರಿ ಎಂಟು ಗಂಟೆಗಳ ಕಾಲ ಮಲಗುವ ಮುದುಕರು, ಬಾಣಂತಿಯರು, ಎಳೆಯ ಮಕ್ಕಳು ಸಹಿಸಲಾರರು. ಕಟ್ಟಡದ ನಿಯಮಗಳೆಂದು ನಾವು ಬೇಸರಪಟ್ಟುಕೊಳ್ಳುವ ಅಳತೆಗಳೆಲ್ಲ ಈ ವ್ಯತ್ಯಾಸದಿಂದ ಹುಟ್ಟಿದವು. ಒಂದೊಂದು ಅಳತೆಯ ಹಿಂದೆಯೂ ಒಂದೊಂದು ಅಪಾಯವಿದೆ. ಅದನ್ನು ಅರಿತರೆ ಖರ್ಚನ್ನು ಎಲ್ಲಿ ಮಾಡಬೇಕು, ಎಲ್ಲಿ ಉಳಿಸಬಹುದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲು ಕಟ್ಟಡದ ಪರೀಕ್ಷೆ

ಎಲ್ಲ ಕೊಟ್ಟಿಗೆಗಳೂ ಮನೆಯಾಗಲು ತಕ್ಕವಲ್ಲ. ಒಂದು ಮಳೆಗಾಲವಾದರೂ ಆ ಕಟ್ಟಡವನ್ನು ಗಮನಿಸಿ ನೋಡುವುದು ಒಳ್ಳೆಯದು. ಸುತ್ತ ನೀರು ನಿಲ್ಲುತ್ತದೆಯೇ? ಗೋಡೆಯ ಬುಡದಿಂದ ತೇವ ಎಷ್ಟು ಎತ್ತರ ಏರುತ್ತದೆ? ತೂಗುಗುಂಡು ಬಿಟ್ಟು ನೋಡಿದರೆ ಗೋಡೆ ಹೊರಕ್ಕೆ ವಾಲಿದೆಯೇ, ನಡುವೆ ಉಬ್ಬಿದೆಯೇ? ಮೂಲೆಗಳಲ್ಲಿ ಬಿರುಕು ಬಿಟ್ಟಿದ್ದರೆ ಅದು ಹಳೆಯದೋ, ಬೆಳೆಯುತ್ತಿರುವುದೋ? ಬಿರುಕಿನ ಮೇಲೆ ಅಡ್ಡಲಾಗಿ ಗಾರೆಯ ತೆಳುವಾದ ಪಟ್ಟಿ ಬಳಿದು ದಿನಾಂಕ ಬರೆದಿಡಬೇಕು. ಕೆಲವು ತಿಂಗಳಲ್ಲಿ ಆ ಪಟ್ಟಿಯೂ ಒಡೆದರೆ ತಳಪಾಯ ಇನ್ನೂ ಕುಸಿಯುತ್ತಿದೆಯೆಂದು ಅರ್ಥ. ಎರೆಭೂಮಿಯಲ್ಲಿ ಈ ಪರೀಕ್ಷೆ ಬಹಳ ಮುಖ್ಯ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ, ಆಳವಿಲ್ಲದ ತಳಪಾಯದ ಮೇಲಿನ ಗೋಡೆ ವರ್ಷವರ್ಷವೂ ಸೀಳುತ್ತದೆ.

ಕಟ್ಟಡದ ಮೇಲೆ ಅಥವಾ ಪಕ್ಕದಲ್ಲಿ ವಿದ್ಯುತ್ ತಂತಿ ಹಾದುಹೋಗಿದೆಯೇ ಎಂಬುದನ್ನೂ ನೋಡಬೇಕು. 11 ಕಿಲೋವೋಲ್ಟ್ ತಂತಿಗೂ ಕಟ್ಟಡದ ಅತಿ ಎತ್ತರದ ಭಾಗಕ್ಕೂ ನಡುವೆ ಕನಿಷ್ಠ 3.7 ಮೀ., ಪಕ್ಕಕ್ಕೆ ಕನಿಷ್ಠ 1.2 ಮೀ. ಅಂತರವಿರಬೇಕು. ಈಗ ಸರಿಯಾಗಿರುವ ಅಂತರ, ಮುಂದೆ ಛಾವಣಿ ಎತ್ತರಿಸಿದಾಗ ಕಡಿಮೆಯಾಗಬಹುದು.

ಗೋಡೆ ವಾಲಿದ್ದು, ತಳಪಾಯವೂ ಕುಸಿಯುತ್ತಿದ್ದರೆ ಅಂಥ ಕಟ್ಟಡವನ್ನು ಕಳಚಿ, ಅದರ ಕಲ್ಲು, ಮರ, ಹೆಂಚುಗಳನ್ನು ಬಳಸಿ ಬೇರೆ ಕಡೆ ಹೊಸದಾಗಿ ಕಟ್ಟುವುದೇ ಲೇಸು.

ಕಾನೂನು ಏನು ಹೇಳುತ್ತದೆ?

"ನನ್ನ ಜಮೀನು, ನನ್ನ ಕೊಟ್ಟಿಗೆ, ಯಾರನ್ನು ಕೇಳಬೇಕು?" ಎಂಬ ಪ್ರಶ್ನೆ ಅನೇಕರದು. ಇದಕ್ಕೆ ಉತ್ತರ ಎರಡು ಭಾಗದಲ್ಲಿದೆ.

ಮೊದಲನೆಯದು ಭೂಮಿಗೆ ಸಂಬಂಧಿಸಿದ್ದು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೆಯ ಪ್ರಕರಣದ ಪ್ರಕಾರ, ಸಾಗುವಳಿ ಜಮೀನಿನ ಹಿಡುವಳಿದಾರನು ತನ್ನ ಜಮೀನಿನಲ್ಲಿ ತೋಟದ ಕಟ್ಟಡ ಅಥವಾ ತೋಟದ ಮನೆ ಕಟ್ಟಿಕೊಳ್ಳಬಹುದು. ವ್ಯವಸಾಯಗಾರನ ವಾಸಕ್ಕೆ ಬಳಸುವ ಮನೆಯೂ, ಉಪಕರಣ ಇಡಲು ಮತ್ತು ದನ ಕಟ್ಟಲು ಬಳಸುವ ಕಟ್ಟಡವೂ ಇದೇ ವಿವರಣೆಯೊಳಗೆ ಬರುತ್ತವೆ. ಆದ್ದರಿಂದ ರೈತನು ತನ್ನ ಕೊಟ್ಟಿಗೆಯನ್ನು ತನ್ನದೇ ವಾಸಕ್ಕೆ ಮಾರ್ಪಡಿಸಿಕೊಂಡರೆ ಜಮೀನಿನ ಉಪಯೋಗ ಬದಲಾದಂತೆ ಆಗುವುದಿಲ್ಲ. ಆದರೆ ಎರಡು ಕಟ್ಟುಪಾಡುಗಳಿವೆ. ಇಂಥ ಕಟ್ಟಡ ಹಿಡುವಳಿಯ ಶೇಕಡ 10ಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸಬಾರದು, ಮತ್ತು ಸರಕಾರ ಗೊತ್ತುಪಡಿಸಿದ ಗರಿಷ್ಠ ಮಿತಿಯನ್ನು ಮೀರಬಾರದು. ಎರಡನೆಯದಾಗಿ, ಅದು ರೈತನ ಸ್ವಂತ ಉಪಯೋಗಕ್ಕೇ ಇರಬೇಕು. ವಾಣಿಜ್ಯ ಚಟುವಟಿಕೆಗಳಿಗಾಗಿ ಬೇರೆಯವರಿಗೆ ಬಾಡಿಗೆಗೆ ಕೊಡಬಾರದು. ಪ್ರವಾಸಿಗರಿಗೆ ಕೊಠಡಿ ಕೊಡುವ, ಅಂಗಡಿ ಅಥವಾ ಗೋದಾಮಿಗೆ ಬಾಡಿಗೆಗೆ ಕೊಡುವ ಉದ್ದೇಶವಿದ್ದರೆ ಭೂಪರಿವರ್ತನೆಯ ಅನುಮತಿಯನ್ನು ಮೊದಲೇ ಪಡೆಯಬೇಕು.

ಒಂದು ಎಕರೆ ಅಂದರೆ 40 ಗುಂಟೆ. ಅದರ ಶೇಕಡ 10 ನಾಲ್ಕು ಗುಂಟೆ. 6 ಮೀ. ಅಗಲ, 9 ಮೀ. ಉದ್ದದ, ಅಂದರೆ ಸುಮಾರು 20 ಅಡಿಗೆ 30 ಅಡಿಯ ಕೊಟ್ಟಿಗೆ ಅರ್ಧ ಗುಂಟೆಗಿಂತ ಸ್ವಲ್ಪ ಹೆಚ್ಚು ಜಾಗ ಹಿಡಿಯುತ್ತದೆ. ಹೀಗಾಗಿ ಸಣ್ಣ ಹಿಡುವಳಿದಾರರಿಗೂ ಈ ಮಿತಿ ಸಾಮಾನ್ಯವಾಗಿ ಅಡ್ಡಿಯಾಗದು. ಆದರೆ ಲೆಕ್ಕಕ್ಕೆ ಜಮೀನಿನಲ್ಲಿರುವ ಎಲ್ಲ ಕಟ್ಟಡಗಳನ್ನೂ ಸೇರಿಸಿಕೊಳ್ಳಬೇಕು.

ಎರಡನೆಯದು ಕಟ್ಟಡಕ್ಕೆ ಸಂಬಂಧಿಸಿದ್ದು. ಭೂಕಂದಾಯ ಕಾನೂನು ಕೊಡುವ ಹಕ್ಕು ಕಟ್ಟಡದ ಕಾನೂನುಗಳಿಗೆ ಒಳಪಟ್ಟಿರುತ್ತದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೆಯ ಪ್ರಕರಣದಂತೆ ಹೊಸ ಕಟ್ಟಡ ಕಟ್ಟಲು ಮಾತ್ರವಲ್ಲ, ಇರುವ ಕಟ್ಟಡವನ್ನು ಮಾರ್ಪಡಿಸಲು ಅಥವಾ ಅದಕ್ಕೆ ಸೇರಿಸಿ ಕಟ್ಟಲು ಸಹ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಊರು ಪಟ್ಟಣದ ಯೋಜನಾ ಪ್ರದೇಶದೊಳಗೆ ಸೇರಿದ್ದರೆ ಯೋಜನಾ ಪ್ರಾಧಿಕಾರದ ವಲಯ ನಿಯಮಗಳೂ ಅನ್ವಯಿಸುತ್ತವೆ. ಹೆದ್ದಾರಿ, ಕಾಲುವೆ, ಕೆರೆಯಂಗಳದ ಬದಿಯ ಜಮೀನಾದರೆ ಎಷ್ಟು ದೂರ ಬಿಡಬೇಕೆಂಬುದನ್ನು ಪಂಚಾಯಿತಿಯಲ್ಲಿಯೇ ವಿಚಾರಿಸಿ ತಿಳಿದುಕೊಳ್ಳಬೇಕು. ಪಹಣಿ, ನಕ್ಷೆ ಮತ್ತು ಅರ್ಜಿಯ ಪ್ರತಿಗಳನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕು. ಮುಂದೆ ಸಾಲ, ವಿದ್ಯುತ್ ಸಂಪರ್ಕ, ಪಾಲುಪಟ್ಟಿ ಯಾವುದಕ್ಕಾದರೂ ಇವು ಬೇಕಾಗುತ್ತವೆ.

ಸಂಹಿತೆಯ ಅಳತೆಗಳು

ವಾಸದ ಮನೆ ಹೇಗಿರಬೇಕೆಂಬುದಕ್ಕೆ ದೇಶಕ್ಕೆಲ್ಲ ಆಧಾರವಾಗಿರುವುದು ರಾಷ್ಟ್ರೀಯ ಕಟ್ಟಡ ಸಂಹಿತೆ. ಇದು ಮೊದಲು 1970ರಲ್ಲಿ ಪ್ರಕಟವಾಯಿತು. 1983, 2005 ಮತ್ತು 2016ರಲ್ಲಿ ಪರಿಷ್ಕೃತವಾಯಿತು. ಸಂಹಿತೆ ತಾನೇ ಕಾನೂನಲ್ಲ. ಸ್ಥಳೀಯ ಸಂಸ್ಥೆಗಳು ತಮ್ಮ ನಿಯಮಗಳಲ್ಲಿ ಅಳವಡಿಸಿಕೊಂಡಾಗ ಅದು ಕಡ್ಡಾಯವಾಗುತ್ತದೆ. ಕಡ್ಡಾಯವಿಲ್ಲದ ಕಡೆಯಲ್ಲೂ ಅದರ ಅಳತೆಗಳನ್ನು ಪಾಲಿಸುವುದು ನಮ್ಮ ಹಿತಕ್ಕೇ. ಮುಖ್ಯವಾದವು ಇವು:

1. ವಾಸದ ಕೊಠಡಿ: ಒಂದೇ ಕೊಠಡಿಯಾದರೆ ಕನಿಷ್ಠ 9.5 ಚ.ಮೀ. (ಸುಮಾರು 102 ಚದರ ಅಡಿ), ಅಗಲ 2.4 ಮೀ. (8 ಅಡಿ). ಎರಡು ಕೊಠಡಿಗಳಿದ್ದರೆ ಎರಡನೆಯದು 7.5 ಚ.ಮೀ., ಅಗಲ 2.1 ಮೀ. ಇರಬಹುದು.

2. ಎತ್ತರ: ಕನಿಷ್ಠ 2.75 ಮೀ. (9 ಅಡಿ). ಇಳಿಜಾರು ಛಾವಣಿಯಾದರೆ ಸರಾಸರಿ ಎತ್ತರ 2.75 ಮೀ., ಸೂರಿನ ಹತ್ತಿರ ಕನಿಷ್ಠ 2.1 ಮೀ. (7 ಅಡಿ).

3. ಅಡಿಗೆಮನೆ: ಕನಿಷ್ಠ 5 ಚ.ಮೀ., ಅಗಲ 1.8 ಮೀ.

4. ಶೌಚಾಲಯ: ಕನಿಷ್ಠ 1.1 ಚ.ಮೀ., ಅಗಲ 0.9 ಮೀ. ಬಚ್ಚಲು ಮತ್ತು ಶೌಚಾಲಯ ಒಟ್ಟಿಗಿದ್ದರೆ 2.8 ಚ.ಮೀ.

5. ಮನೆಯ ತಳಮಟ್ಟ: ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂ.ಮೀ. (ಒಂದೂವರೆ ಅಡಿ) ಎತ್ತರ.

6. ಕಿಟಕಿ, ಗವಾಕ್ಷಿಗಳು: ಬಾಗಿಲನ್ನು ಬಿಟ್ಟು, ಒಣ ಸೆಕೆಯ ಪ್ರದೇಶದಲ್ಲಿ ಕೊಠಡಿಯ ನೆಲದ ಹತ್ತನೇ ಒಂದು ಭಾಗ, ಕರಾವಳಿಯಂಥ ತೇವದ ಸೆಕೆಯ ಪ್ರದೇಶದಲ್ಲಿ ಆರನೇ ಒಂದು ಭಾಗ, ಇವೆರಡರ ನಡುವಿನ ಹವೆಯ ಕಡೆ ಎಂಟನೇ ಒಂದು ಭಾಗ.

ನಮ್ಮ 6 ಮೀ.ಗೆ 9 ಮೀ. ಒಳ ಅಳತೆಯ ಕೊಟ್ಟಿಗೆಯನ್ನೇ ತೆಗೆದುಕೊಳ್ಳೋಣ. ಉದ್ದಕ್ಕೆ ನಡುವೆ ಅರ್ಧ ಇಟ್ಟಿಗೆಯ ಗೋಡೆ ಹಾಕಿದರೆ ಎರಡು ಬದಿಗೂ ಸುಮಾರು 2.9 ಮೀ. ಅಗಲ ಸಿಗುತ್ತದೆ. ಒಂದು ಬದಿಯಲ್ಲಿ 5 ಮೀ. ಉದ್ದದ ನಡುಮನೆ, 3.8 ಮೀ. ಉದ್ದದ ಒಂದು ಕೊಠಡಿ. ಇನ್ನೊಂದು ಬದಿಯಲ್ಲಿ 3.4 ಮೀ. ಉದ್ದದ ಕೊಠಡಿ, 2.6 ಮೀ. ಉದ್ದದ ಅಡಿಗೆಮನೆ, ಉಳಿದದ್ದು ಸಾಮಾನಿನ ಕೋಣೆ. ಎಲ್ಲವೂ ಸಂಹಿತೆಯ ಕನಿಷ್ಠ ಅಳತೆಗಿಂತ ಹೆಚ್ಚೇ ಇವೆ. ಅಂದರೆ ಸಾಧಾರಣ ಕೊಟ್ಟಿಗೆಯಲ್ಲಿ ಜಾಗಕ್ಕೆ ಕೊರತೆಯಿಲ್ಲ. ಕೊರತೆ ಕಾಣುವುದು ನೆಲ, ಎತ್ತರ ಮತ್ತು ಗಾಳಿಯಲ್ಲಿ.

ನೆಲ: ಕಾಣದ ಕೆಲಸವೇ ಮೊದಲು

ದನ ಕಟ್ಟಿದ ನೆಲ ವರ್ಷಗಟ್ಟಲೆ ಗಂಜಲ ಕುಡಿದಿರುತ್ತದೆ. ಆ ಮಣ್ಣಿನಲ್ಲಿ ಪೆಟ್ಲುಪ್ಪಿನಂಥ ಲವಣಗಳು ಸೇರಿರುತ್ತವೆ. ಇವು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ, ನೀರಿನೊಡನೆ ಗೋಡೆಯೊಳಗೆ ಏರುತ್ತವೆ, ಒಣಗಿದಾಗ ಹರಳುಗಟ್ಟಿ ಗಿಲಾವನ್ನು ಪುಡಿಪುಡಿಯಾಗಿ ಉದುರಿಸುತ್ತವೆ. ಹಳೆಯ ನೆಲದ ಮೇಲೆಯೇ ಸಿಮೆಂಟು ಬಳಿದವರ ಮನೆಯಲ್ಲಿ ಎರಡು ಮೂರು ವರ್ಷಕ್ಕೆ ಗೋಡೆಯ ಬುಡ ಬೆಳ್ಳಗೆ ಬೂದಿಗಟ್ಟುವುದು ಇದರಿಂದಲೇ.

ಆದ್ದರಿಂದ ಹಳೆಯ ಹಾಸನ್ನು ಎಬ್ಬಿಸಿ, ಅದರ ಕೆಳಗಿನ ಮಣ್ಣನ್ನು ಕನಿಷ್ಠ ಒಂದು ಅಡಿ ಆಳದವರೆಗೆ ತೆಗೆದು ಹೊಲಕ್ಕೆ ಹಾಕಬೇಕು. ಗಂಜಲ ಕುಡಿದ ಮಣ್ಣು ಬೆಳೆಗೆ ಒಳ್ಳೆಯ ಗೊಬ್ಬರ. ಗೋಡೆಯ ಬುಡದಲ್ಲಿ ಲವಣ ಹತ್ತಿದ ಗಿಲಾವನ್ನೂ ಕೆತ್ತಿ ತೆಗೆಯಬೇಕು. ಅನಂತರ ಹೊಸ ಗರಸು ಮಣ್ಣು ತುಂಬಿ, ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡಿ, ಮೇಲೆ ಕಲ್ಲು ಹಾಸಿ, ಮರಳು ಹರಡಿ, ದಪ್ಪನೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ 10 ಸೆಂ.ಮೀ. ಕಾಂಕ್ರೀಟು ಹಾಕಬೇಕು. ಹಾಳೆಯ ಅಂಚನ್ನು ಗೋಡೆಗೆ ತಾಗುವಂತೆ ಮೇಲಕ್ಕೆ ಮಡಿಸಬೇಕು. ಗೊಂತು, ಗಂಜಲದ ಕಾಲುವೆಗಳನ್ನು ಪೂರ್ತಿ ಕಿತ್ತು ತುಂಬಬೇಕು. ಟೊಳ್ಳು ಉಳಿದರೆ ಇಲಿ ಹೆಗ್ಗಣಗಳು ಸೇರಿ, ಅವುಗಳ ಹಿಂದೆ ಹಾವೂ ಬರುತ್ತದೆ. ಇಲಿಯ ಮೂತ್ರದಿಂದ ಇಲಿಜ್ವರ ಹರಡುವುದನ್ನು ಮರೆಯಬಾರದು.

ಉಗ್ರಾಣವನ್ನು ಮನೆ ಮಾಡುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಹಿಂದೆ ಬಿ.ಎಚ್.ಸಿ. ಪುಡಿಯ ಚೀಲಗಳನ್ನು ಮಣ್ಣು ನೆಲದ ಮೇಲೆಯೇ ಇಡುತ್ತಿದ್ದರು. ಈ ಕೀಟನಾಶಕವನ್ನು 1997ರಲ್ಲಿ ನಿಷೇಧಿಸಲಾಯಿತು. 2011ರಲ್ಲಿ ಎಂಡೋಸಲ್ಫಾನ್ ನಿಂತಿತು. ಆದರೆ ಬಿ.ಎಚ್.ಸಿ.ಯಂಥ ವಿಷಗಳು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತವೆ. ಕೂಸು ಅಂಬೆಗಾಲಿಡುವುದು ಅದೇ ನೆಲದ ಮೇಲೆ. ಇಂಥ ಮಣ್ಣನ್ನು ಗೊಬ್ಬರದ ಗುಂಡಿಗಾಗಲಿ, ಕೈತೋಟಕ್ಕಾಗಲಿ ಹಾಕಕೂಡದು. ಅದನ್ನು ಎಲ್ಲಿ ವಿಲೇವಾರಿ ಮಾಡಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ತೆಗೆಯಬೇಕು. ತೆಗೆಯುವಾಗ ಮೂಗು ಬಾಯಿಗೆ ಬಟ್ಟೆ, ಕೈಗವಸು ಇರಲಿ; ಧೂಳೇಳದಂತೆ ನೀರು ಚಿಮುಕಿಸಲಿ.

ಎತ್ತರದ ಲೆಕ್ಕ

ಅನೇಕರು ಎಡವುವುದು ಇಲ್ಲಿ. ಕೊಟ್ಟಿಗೆಯ ನೆಲ ಸುತ್ತಲಿನ ಮಟ್ಟಕ್ಕಿಂತ 15 ಸೆಂ.ಮೀ. ಎತ್ತರವಿದೆ ಎಂದಿಟ್ಟುಕೊಳ್ಳೋಣ. ಸೂರಿನ ಹತ್ತಿರ ಎತ್ತರ 2.3 ಮೀ., ನೆತ್ತಿಯಲ್ಲಿ 3.5 ಮೀ.; ಸರಾಸರಿ 2.9 ಮೀ. ಎರಡೂ ಸಂಹಿತೆಗೆ ಸರಿಯಾಗಿವೆ. ಈಗ ತಳಮಟ್ಟವನ್ನು 45 ಸೆಂ.ಮೀ.ಗೆ ತರಲು ನೆಲವನ್ನು 30 ಸೆಂ.ಮೀ. ಏರಿಸುತ್ತೇವೆ. ಆಗ ಸೂರಿನ ಹತ್ತಿರ 2.0 ಮೀ., ನೆತ್ತಿಯಲ್ಲಿ 3.2 ಮೀ., ಸರಾಸರಿ 2.6 ಮೀ. ಮಾತ್ರ ಉಳಿಯುತ್ತದೆ. ನೆಲ ಸರಿಮಾಡಲು ಹೋಗಿ ಎತ್ತರ ಕಳೆದುಕೊಂಡಂತಾಯಿತು. ಅಷ್ಟು ತಗ್ಗಾದ ತಗಡಿನ ಛಾವಣಿಯ ಕೆಳಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಕೂರುವುದು ಕಷ್ಟ.

ಇದಕ್ಕೆ ಪರಿಹಾರ, ಛಾವಣಿ ಬಿಚ್ಚಿ ಗೋಡೆಯನ್ನು ಎತ್ತರಿಸುವುದು. ಗೋಡೆಯ ನೆತ್ತಿಯ ಸುತ್ತ 7.5 ಸೆಂ.ಮೀ. ದಪ್ಪದ, ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಪಟ್ಟಿ, ಅದರ ಮೇಲೆ ಒಂದು ವರಸೆ ಇಟ್ಟಿಗೆ ಹಾಕಿದರೆ ಸುಮಾರು 16 ಸೆಂ.ಮೀ. ಸಿಕ್ಕಿ ಕನಿಷ್ಠ ಅಳತೆ ಮುಟ್ಟುತ್ತದೆ. ಮೂರು ವರಸೆ ಹಾಕಿದರೆ ಮೊದಲಿನ ಎತ್ತರವೇ ಮರಳಿ ಬರುತ್ತದೆ. ಈ ಲೆಕ್ಕವನ್ನು ಕೆಲಸ ಆರಂಭಿಸುವ ಮೊದಲೇ ಹಾಕಬೇಕು. ನೆಲ ಮುಗಿದ ಮೇಲೆ ಛಾವಣಿಗೆ ಕೈಹಾಕಿದರೆ ಖರ್ಚು ಇಮ್ಮಡಿಯಾಗುತ್ತದೆ.

ಗೋಡೆ

ಮೇಲೆ ಹೇಳಿದ ಕಾಂಕ್ರೀಟ್ ಪಟ್ಟಿ ಎತ್ತರಕ್ಕೆ ಮಾತ್ರವಲ್ಲ, ರಕ್ಷಣೆಗೂ ಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಗೆ ಹತ್ತಿರದ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು ಎಂಟು ಸಾವಿರ ಜನ ಸತ್ತರು. ಅವರಲ್ಲಿ ಬಹುಪಾಲು ಜನ ಮಲಗಿದ್ದಲ್ಲಿಯೇ, ಮಣ್ಣುಗಾರೆಯ ದಪ್ಪ ಕಲ್ಲುಗೋಡೆ ಮತ್ತು ಭಾರದ ಮಣ್ಣು ಮಾಳಿಗೆಗಳಡಿ ಸಿಕ್ಕಿಕೊಂಡರು. ಆ ಗೋಡೆಗಳು ದಪ್ಪವಾಗಿದ್ದವು, ಆದರೆ ಒಳಮುಖದ ಕಲ್ಲಿಗೂ ಹೊರಮುಖದ ಕಲ್ಲಿಗೂ ಹೊಂದಿಕೆ ಇರಲಿಲ್ಲ. ಬಯಲುಸೀಮೆಯ ಹಳೆಯ ಕೊಟ್ಟಿಗೆಗಳು ಅನೇಕ ಕಡೆ ಇದೇ ರೀತಿಯವು.

ಇಂಥ ಗೋಡೆಯಿದ್ದರೆ ಎರಡೂ ಮುಖ ಮುಟ್ಟುವ ಉದ್ದಗಲ್ಲುಗಳನ್ನು ಅಡ್ಡಕ್ಕೆ 1.2 ಮೀ., ಎತ್ತರಕ್ಕೆ 60 ಸೆಂ.ಮೀ. ಅಂತರದಲ್ಲಿ ಸೇರಿಸಬೇಕು. ಒಂದು ಕಲ್ಲು ತೆಗೆದು ರಂಧ್ರ ಮಾಡಿ, ಸರಳು ಇಟ್ಟು ಕಾಂಕ್ರೀಟು ತುಂಬಿಯೂ ಇದನ್ನು ಮಾಡಬಹುದು. ನೆತ್ತಿಯ ಪಟ್ಟಿ ನಾಲ್ಕೂ ಗೋಡೆಗಳ ಮೇಲೆ ಎಲ್ಲೂ ತುಂಡಾಗದೆ ಸಾಗಬೇಕು. ಸರಳಿನ ಗಾತ್ರವನ್ನು ಇಂಜಿನಿಯರೊಬ್ಬರಿಂದ ಕೇಳಿ ತಿಳಿಯುವುದು ಒಳ್ಳೆಯದು. ಕೊಟ್ಟಿಗೆಯ ಒಂದು ಬದಿ ಗೋಡೆಯಿಲ್ಲದೆ ಕಂಬಗಳ ಮೇಲೆಯೇ ನಿಂತಿದ್ದರೆ, ಅಲ್ಲಿ ಕಟ್ಟುವ ಹೊಸ ಗೋಡೆಗೂ ಸರಿಯಾದ ತಳಪಾಯ ಬೇಕು. ಹಾಸಿನ ಮೇಲೆಯೇ ಗೋಡೆ ಎಬ್ಬಿಸಬಾರದು.

ಹಳೆಯ ಇಟ್ಟಿಗೆ ಗೋಡೆಯಲ್ಲಿ ತೇವ ಏರುತ್ತಿದ್ದರೆ ತಳಮಟ್ಟದಲ್ಲಿ ಒಂದು ವರಸೆಯನ್ನು ತೆಗೆದು ತೇವ ತಡೆಯುವ ಕಾಂಕ್ರೀಟು ತುಂಬಬಹುದು. ಒಮ್ಮೆಗೆ ಒಂದು ಮೀಟರಿಗಿಂತ ಹೆಚ್ಚು ಉದ್ದ ತೆಗೆಯಬಾರದು. ತುಂಬಿದ ಭಾಗ ಗಟ್ಟಿಯಾದ ಮೇಲೆಯೇ ಪಕ್ಕದ್ದಕ್ಕೆ ಕೈಹಾಕಬೇಕು. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆ ಮೆತ್ತಗಾಗುತ್ತದೆ. ಅದಕ್ಕೆ ಸುಣ್ಣದ ಗಾರೆಯೇ ಮೇಲು. ಸುತ್ತ ನೀರು ಹರಿದುಹೋಗುವ ಕಾಲುವೆ, ಎರಡಡಿ ಮುಂಚಾಚಿದ ಸೂರು ಇದ್ದರೆ ಅರ್ಧ ತೊಂದರೆ ತಪ್ಪಿದಂತೆ.

ಛಾವಣಿ

ಕೊಟ್ಟಿಗೆಗಳ ಮೇಲೆ ಸಾಮಾನ್ಯವಾಗಿ ಹೆಂಚು, ತಗಡು ಅಥವಾ ಕಲ್ನಾರಿನ ಶೀಟು ಇರುತ್ತದೆ. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಎಲ್ಲ ಬಗೆಯೂ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅಪಾಯವಿರುವುದು ಅದರ ಸೂಕ್ಷ್ಮ ಎಳೆಗಳು ಉಸಿರಿನಲ್ಲಿ ಸೇರುವುದರಿಂದ. ಆದ್ದರಿಂದ ಅಂಥ ಶೀಟನ್ನು ಗರಗಸದಿಂದ ಕೊಯ್ಯುವುದು, ತೂತು ಕೊರೆಯುವುದು, ಒಣ ಬ್ರಷ್ಷಿನಿಂದ ಪಾಚಿ ಉಜ್ಜುವುದು, ಒಡೆದ ಚೂರನ್ನು ಅಂಗಳಕ್ಕೆ ಹಾಸುವುದು ಯಾವುದೂ ಕೂಡದು. ವಾಸದ ಮನೆಗೆ ಅದನ್ನು ತೆಗೆಸಿಬಿಡುವುದೇ ಉತ್ತಮ. ತೆಗೆಯುವಾಗ ನೀರಿನಿಂದ ನೆನೆಸಿ, ಒಡೆಯದಂತೆ ಇಡಿಯಾಗಿ ಇಳಿಸಬೇಕು.

ಅದರ ಬದಲು ಮಂಗಳೂರು ಹೆಂಚು ಹಾಕುವವರು ಭಾರವನ್ನು ನೆನಪಿಡಬೇಕು. ತಗಡಿನ ತೂಕ ಚದರ ಮೀಟರಿಗೆ ಸುಮಾರು 5 ಕಿಲೋ. ಹೆಂಚಿನದು 30 ಕಿಲೋಗಿಂತ ಹೆಚ್ಚು. ತಗಡಿಗೆ ಸಾಕಾದ ತೊಲೆ, ರೀಪುಗಳು ಹೆಂಚಿಗೆ ಸಾಲವು. ಹೆಂಚಿಗೆ ಹೆಚ್ಚು ಇಳಿಜಾರೂ ಬೇಕು. ಕಡಿಮೆ ಇಳಿಜಾರಿದ್ದರೆ ಮಳೆನೀರು ಒಳಗೆ ಬರುತ್ತದೆ.

ತಗಡನ್ನೇ ಉಳಿಸಿಕೊಳ್ಳುವವರು ಮೇಲ್ಭಾಗಕ್ಕೆ ಬಿಳಿಯ ಬಣ್ಣ ಬಳಿದು, ಕೆಳಗೆ ಬಿದಿರು ತಟ್ಟಿ ಅಥವಾ ಹಲಗೆಯ ಒಳಮಾಡು ಕಟ್ಟಬೇಕು. ಅದು ಸಹ ಮೇಲೆ ಹೇಳಿದ ಎತ್ತರದ ಲೆಕ್ಕದೊಳಗೇ ಬರುತ್ತದೆ. ತಗಡಿಗೂ ಒಳಮಾಡಿಗೂ ನಡುವಿನ ಬಿಸಿ ಗಾಳಿ ಹೊರಹೋಗಲು ಎರಡೂ ತುದಿಯ ಗೋಡೆಯಲ್ಲಿ ಜಾಲರಿಯ ಗವಾಕ್ಷಿ ಇಡಬೇಕು. ಮುಂಗಾರಿಗೆ ಮುಂಚಿನ ಬಿರುಗಾಳಿಗೆ ತಗಡು ಹಾರಿಹೋಗದಂತೆ ಕೊಕ್ಕೆ ಬೋಲ್ಟುಗಳನ್ನು ಒಂದೂ ಬಿಡದೆ ಹಾಕಿ, ತೊಲೆಗಳನ್ನು ಕಾಂಕ್ರೀಟ್ ಪಟ್ಟಿಗೆ ಸರಳಿನಿಂದ ಬಿಗಿಯಬೇಕು. ತಗಡಿನ ಮೇಲೆ ಕಲ್ಲು ಹೇರುವುದು ಅಪಾಯಕರ.

ಗಾಳಿ ಮತ್ತು ಬೆಳಕು

2.9 ಮೀ.ಗೆ 3.8 ಮೀ.ನ ಕೊಠಡಿಯ ನೆಲ ಸುಮಾರು 11 ಚ.ಮೀ. ಒಣ ಪ್ರದೇಶದಲ್ಲಿ ಇದಕ್ಕೆ 1.1 ಚ.ಮೀ. ಕಿಟಕಿ ಬೇಕು, 1.2 ಮೀ. ಚೌಕದ ಒಂದು ಕಿಟಕಿ ಸಾಕಾಗುತ್ತದೆ. ಕರಾವಳಿಯಲ್ಲಿ 1.84 ಚ.ಮೀ. ಬೇಕಾಗುವುದರಿಂದ 1.2 ಮೀ.ಗೆ 0.9 ಮೀ.ನ ಎರಡು ಕಿಟಕಿಗಳನ್ನು ಇಡಬೇಕು. ಸಾಧ್ಯವಿದ್ದಷ್ಟೂ ಎದುರುಬದುರು ಅಥವಾ ಪಕ್ಕದ ಗೋಡೆಯಲ್ಲಿ ಇಟ್ಟರೆ ಗಾಳಿ ಆಡುತ್ತದೆ. ತೆರೆಯಲಾಗದ ಗಾಜಿನ ಭಾಗವನ್ನು ಲೆಕ್ಕಕ್ಕೆ ಹಿಡಿಯಬಾರದು. ಸೊಳ್ಳೆ ಜಾಲರಿ ಹಾಕಿಸಿದರೆ ರಾತ್ರಿಯೂ ಕಿಟಕಿ ತೆರೆದಿಡಬಹುದು.

ಹಳೆಯ ಗೋಡೆಯಲ್ಲಿ ಹೊಸ ಕಿಟಕಿ ತೆಗೆಯುವಾಗ ಮೂಲೆಯಿಂದ ಕನಿಷ್ಠ 60 ಸೆಂ.ಮೀ. ಬಿಡಬೇಕು, ಒಂದು ಗೋಡೆಯ ಬಾಗಿಲು ಕಿಟಕಿಗಳ ಒಟ್ಟು ಅಗಲ ಆ ಗೋಡೆಯ ಅರ್ಧವನ್ನು ಮೀರಬಾರದು. ಮೇಲೆ ಆಧಾರ ಕೊಟ್ಟು, ತೊಲೆಗಲ್ಲು ಅಥವಾ ಕಾಂಕ್ರೀಟ್ ತೊಲೆ ಕೂರಿಸಿದ ಮೇಲೆಯೇ ಕೆಳಗೆ ಒಡೆಯಬೇಕು.

ಧಾನ್ಯ, ಔಷಧಿ ಬೇರೆ ಇರಲಿ

ಕೊಟ್ಟಿಗೆಯ ಅರ್ಧ ಮನೆಯಾಗಿ, ಇನ್ನರ್ಧ ಉಗ್ರಾಣವಾಗಿಯೇ ಉಳಿಯುವುದುಂಟು. ಇಲ್ಲಿ ಪ್ರಾಣಾಪಾಯವಿದೆ. ಧಾನ್ಯಕ್ಕೆ ಹಾಕುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಗಳು ಗಾಳಿಯ ತೇವ ತಾಗಿದೊಡನೆ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತವೆ. ನಡುಗೋಡೆ ಸೂರಿನವರೆಗೆ ಮುಟ್ಟದಿದ್ದರೆ ಅನಿಲ ಮೇಲಿನ ಸಂದಿನಿಂದ ಮಲಗುವ ಕೋಣೆಗೆ ಇಳಿಯುತ್ತದೆ; ಬಾಗಿಲ ಸಂದಿಯಿಂದಲೂ ಬರುತ್ತದೆ. ವಾಸನೆ ಬಾರದಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಬಾರದು. ಜನ ವಾಸಿಸುವ ಕಟ್ಟಡದಲ್ಲಿ ಈ ಮಾತ್ರೆಗಳನ್ನು ಬಳಸಲೇಕೂಡದು. ಬೇರೆ ಕಡೆಯೂ ತರಬೇತಿ ಪಡೆದವರೇ ಬಳಸಬೇಕು. ಮನೆಯಲ್ಲಿಡುವ ಕಾಳನ್ನು ಚೆನ್ನಾಗಿ ಒಣಗಿಸಿ, ಮುಚ್ಚಳ ಭದ್ರವಾದ ತಗಡಿನ ಕಣಜದಲ್ಲಿ ಇಟ್ಟರೆ ಸಾಕು. ಬೆಳೆಯ ಔಷಧಿ, ಸಿಂಪರಣಾ ಯಂತ್ರ, ಡೀಸೆಲ್ ಇವುಗಳಿಗೆ ಮನೆಯಿಂದ ದೂರದಲ್ಲಿ ಬೀಗವಿರುವ ಸಣ್ಣ ಕೋಣೆ ಬೇಕು. ಹುಲ್ಲಿನ ಮೆದೆಯೂ ಮನೆಗೆ ಅಂಟಿಕೊಂಡಿರಬಾರದು.

ಅಡಿಗೆಮನೆ, ಬಚ್ಚಲು, ಶೌಚಾಲಯ

ಸೌದೆ ಒಲೆಯಾದರೆ ಹೊಗೆಕೊಳವೆ ಛಾವಣಿಯ ಮೇಲಕ್ಕೆ ಹೋಗಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆಯಂಥ ಕೊಳವೆಯುಳ್ಳ ಒಲೆಗಳಿಂದ ಹೊಗೆಯೂ ಸೌದೆಯೂ ಕಡಿಮೆಯಾಗುತ್ತವೆ. ಅಡಿಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲಕ್ಕೆ ಇಳಿಯುತ್ತದೆ. ಸಿಲಿಂಡರಿರುವ ಕೋಣೆಯಲ್ಲಿ ನೆಲಮಟ್ಟಕ್ಕೂ ಒಂದು ಜಾಲರಿಯ ಕಿಂಡಿ ಇರಬೇಕು. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಮಲಗಬಾರದು.

ಶೌಚಾಲಯಕ್ಕೆ ಎರಡು ಗುಂಡಿಯ ಪದ್ಧತಿ ತೋಟದ ಮನೆಗೆ ಅನುಕೂಲ. ಒಂದು ಮೀಟರ್ ವ್ಯಾಸ, ಅಷ್ಟೇ ಆಳದ ಎರಡು ಗುಂಡಿಗಳನ್ನು ಒಂದು ಮೀಟರ್ ಅಂತರದಲ್ಲಿ ತೋಡಿ, ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಬೇಕು. ಎರಡು ವರ್ಷ ಮುಚ್ಚಿಟ್ಟರೆ ಮೊದಲನೆಯದರಲ್ಲಿ ಒಳ್ಳೆಯ ಗೊಬ್ಬರ ಸಿದ್ಧವಾಗುತ್ತದೆ. ಸೆಪ್ಟಿಕ್ ಟ್ಯಾಂಕು ಕಟ್ಟುವವರು ಅದರ ಇಂಗುಗುಂಡಿಯನ್ನು ಬಾವಿ, ಕೊಳವೆ ಬಾವಿಗಳಿಂದ ಕನಿಷ್ಠ 18 ಮೀ., ಮನೆಯಿಂದ 6 ಮೀ. ದೂರ ಇಡಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಕೊಟ್ಟಿಗೆಯ ಪಕ್ಕದಲ್ಲೇ ಬಾವಿ ಇರುವುದು ಸಾಮಾನ್ಯವಾದ್ದರಿಂದ ಈ ಅಳತೆಯನ್ನು ಹಗ್ಗ ಹಿಡಿದು ನೋಡಬೇಕು. ಎರಡು ಗುಂಡಿಯ ಪದ್ಧತಿಗೂ ಇಷ್ಟೇ ದೂರ ಬಿಟ್ಟರೆ ಕ್ಷೇಮ. ಬಚ್ಚಲ ನೀರನ್ನು ಬಾಳೆ, ತೆಂಗಿಗೆ ಹರಿಸಬಹುದು.

ವಿದ್ಯುತ್ತು

ಪಕ್ಕದ ಪಂಪ್‌ಸೆಟ್ಟಿನ ಪೆಟ್ಟಿಗೆಯಿಂದ ತಂತಿ ಎಳೆದು ದೀಪ ಹಾಕಿಕೊಳ್ಳುವ ರೂಢಿಯಿದೆ. ಒಂದು ಉದ್ದೇಶಕ್ಕೆ ಪಡೆದ ವಿದ್ಯುತ್ತನ್ನು ಇನ್ನೊಂದಕ್ಕೆ ಬಳಸುವುದು ವಿದ್ಯುತ್ ಅಧಿನಿಯಮ, 2003ರ 126ನೆಯ ಪ್ರಕರಣದಂತೆ ಅನಧಿಕೃತ ಬಳಕೆ. ಅದಕ್ಕೆ ಇಮ್ಮಡಿ ದರ ವಿಧಿಸಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಪಂಪಿನ ಪೆಟ್ಟಿಗೆಯಲ್ಲಿ ಮನೆಯವರನ್ನು ಕಾಯುವ ಏರ್ಪಾಡು ಇರುವುದಿಲ್ಲ. ಗೃಹಬಳಕೆಯ ಪ್ರತ್ಯೇಕ ಸಂಪರ್ಕ ಪಡೆದು, ಸರಿಯಾದ ನೆಲತಂತಿ ಕೂರಿಸಿ, 30 ಮಿಲಿಆಂಪಿಯರಿಗೆ ಕಡಿದುಕೊಳ್ಳುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚನ್ನು ತಪ್ಪದೆ ಹಾಕಿಸಬೇಕು. ತಗಡಿನ ಛಾವಣಿ, ಕಬ್ಬಿಣದ ಕಂಬಗಳಿರುವ ಕಟ್ಟಡದಲ್ಲಿ ಒಂದು ತಂತಿಯ ಸಿಪ್ಪೆ ಸುಲಿದರೆ ಇಡೀ ಮನೆಗೆ ವಿದ್ಯುತ್ತು ಹರಿಯಬಹುದು. ಇಲಿ ಕಡಿಯದಂತೆ ತಂತಿಗಳು ಕೊಳವೆಯೊಳಗೆ ಇರಲಿ.

ಕೆಲಸದ ಕ್ರಮ

ಮೊದಲು ಪರೀಕ್ಷೆ, ನಕ್ಷೆ, ಅನುಮತಿ. ಅನಂತರ ಹಳೆಯ ನೆಲ ಮತ್ತು ಗಿಲಾವು ತೆಗೆದು ಒಂದು ಬೇಸಿಗೆ ಒಣಗಲು ಬಿಡುವುದು. ಆಮೇಲೆ ಗೋಡೆಯ ದುರಸ್ತಿ, ಕಿಟಕಿ ಬಾಗಿಲು, ಕಾಂಕ್ರೀಟ್ ಪಟ್ಟಿ, ಛಾವಣಿ. ಛಾವಣಿ ಕೂತ ಮೇಲೆ ನೆಲದಡಿಯ ಕೊಳವೆಗಳು, ಶೌಚಾಲಯದ ಗುಂಡಿ, ವಿದ್ಯುತ್ ಕೊಳವೆಗಳು. ಕೊನೆಗೆ ನೆಲದ ಕಾಂಕ್ರೀಟು, ಗಿಲಾವು, ಬಣ್ಣ.

ಕೈಯಲ್ಲಿ ಹಣ ಕಡಿಮೆಯಿದ್ದರೆ ಬಣ್ಣ, ಹೊಳಪಿನ ನೆಲಹಾಸು, ಒಳಗೋಡೆಗಳು ಮುಂದಿನ ಫಸಲಿನವರೆಗೆ ಕಾಯಬಹುದು. ಆದರೆ ಲವಣದ ಮಣ್ಣು ತೆಗೆಯುವುದು, ನೆತ್ತಿಯ ಪಟ್ಟಿ, ಕಿಟಕಿ, ನೆಲತಂತಿ ಇವು ಕಾಯುವಂಥವಲ್ಲ. ಮನೆ ತುಂಬಿದ ಮೇಲೆ ಇವುಗಳನ್ನು ಮಾಡುವುದೂ ಕಷ್ಟ. ಮನೆ ಕಟ್ಟಿ ನೋಡು ಎಂದು ಹಿರಿಯರು ಹೇಳಿರುವುದು ಖರ್ಚನ್ನು ಕುರಿತು. ಕೊಟ್ಟಿಗೆಯನ್ನು ಮನೆ ಮಾಡುವವರು ಆ ಖರ್ಚಿನಲ್ಲಿ ಒಂದು ಪಾಲನ್ನು ನಿಜವಾಗಿಯೂ ಉಳಿಸಬಹುದು. ಉಳಿಸಿದ್ದು ಕಣ್ಣಿಗೆ ಕಾಣುವ ಅಂದದಲ್ಲಿರಲಿ. ಒಳಗೆ ಮಲಗುವವರ ಉಸಿರು, ನೆಲೆ, ನಿದ್ರೆಗಳಲ್ಲಿ ಮಾತ್ರ ಉಳಿಸಲು ಹೋಗಬಾರದು.